ಹೊಟ್ಟಿನ ಒಲೆಯ ಬಾಗಿಲು

ನವೆಂಬರ್ ೧೮, ಮಂಗಳವಾರ

ಇವತ್ತು ಅಣ್ಣನ ಶಿವಗಣಾರಾಧನೆ ಮುಗಿಯಿತು. ಶಾಮಿಯಾನದವರಿಗೆ ಬೇರೆ ಕಡೆ ಕೆಲಸವಿತ್ತಂತೆ, ಕೊನೆಯ ಪಂಕ್ತಿ ಕೂತಿರುವಾಗಲೇ ಕಂಬ ಬಿಚ್ಚತೊಡಗಿದರು. ಆ ಪಂಕ್ತಿಯವರು ಬಿಸಿಲಲ್ಲೇ ಉಂಡೆದ್ದರು. ಅಪ್ಪಾಜಿ ನೋಡುತ್ತ ನಿಂತಿದ್ದರು, ಏನೂ ಅನ್ನಲಿಲ್ಲ. ಬೇರೆ ದಿನವಾಗಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ ಏನಾದರೂ ಕೆಟ್ಟರೆ ಮೊದಲು ನಡೆದದ್ದನ್ನು ಕ್ರಮವಾಗಿ ಬರೆದಿಡಬೇಕು, ಕಾರಣ ಆಮೇಲೆ ಹುಡುಕಬೇಕು ಎಂದು ನಮಗೆ ಕಲಿಸಿದ್ದಾರೆ. ಹಾಗೇ ಬರೆಯುತ್ತೇನೆ.

ನನ್ನ ಅಣ್ಣ ಗುರುಪ್ರಕಾಶ್ ನಮ್ಮ ರೈಸ್ ಮಿಲ್ಲು ನೋಡಿಕೊಳ್ಳುತ್ತಿದ್ದ. ಈ ತಿಂಗಳ ಮೊದಲಲ್ಲಿ ಒಂದು ಮಧ್ಯಾಹ್ನ, ಭತ್ತ ಒಣಗಿಸುವ ಡ್ರೈಯರ್‌ನ ಒಲೆಯ ಬಾಗಿಲು ತೆಗೆದಾಗ ಬೆಂಕಿ ಹೊರಗೆ ನುಗ್ಗಿ ಅವನ ಮೈಮೇಲೆ ಬಂತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದ. ನಾನು ಚೆನ್ನೈಯಿಂದ ಬಂದಾಗ ಮುಖಕ್ಕೂ ಬ್ಯಾಂಡೇಜ್ ಸುತ್ತಿದ್ದರು, ಮಾತು ಇರಲಿಲ್ಲ. ಕಾಲಿನ ಹೆಬ್ಬೆರಳು ನೋಡಿ ಅವನೇ ಎಂದು ಗುರುತು ಹಿಡಿದೆ. ನಾನು ಬಂದದ್ದು ಅವನಿಗೆ ಗೊತ್ತಾಯಿತೋ ಇಲ್ಲವೋ. ಅಷ್ಟೇ.

ಅತ್ತಿಗೆಯ ತವರು ತಾಳಗುಂದದಿಂದ ಬಂದಿದ್ದ ಹಿರಿಯ ಹೆಂಗಸೊಬ್ಬರು ನನ್ನ ಕೈ ಹಿಡಿದು, ನಮ್ಮಲ್ಲಿ ಮಣ್ಣು ಮಾಡುವ ಪದ್ಧತಿ ಇರುವುದೇ ಪುಣ್ಯ, ಇಲ್ಲದಿದ್ದರೆ ಆ ದೇಹಕ್ಕೆ ಎರಡನೇ ಸಲ ಬೆಂಕಿ ತೋರಿಸಬೇಕಾಗುತ್ತಿತ್ತು ಎಂದರು. ಸಮಾಧಾನಕ್ಕೆ ಹೇಳಿದ್ದು. ನಾನು ಹೂಂಗುಟ್ಟಿದೆ.

ನಾನು ಪಿಎಚ್.ಡಿ. ಮಾಡುತ್ತಿರುವುದೂ ಉರಿಯ ಮೇಲೆಯೇ. ಆಮ್ಲಜನಕ ಕಡಿಮೆ ಇರುವ ಬಿಸಿಗಾಳಿಯಲ್ಲಿ ಇಂಧನ ಹೇಗೆ ಉರಿಯುತ್ತದೆ, ಸುಳಿಸುಳಿಯಾಗಿ ಹೊರಳುವ ಗಾಳಿ ಆ ಉರಿಯನ್ನು ಹೇಗೆ ಎಳೆದಾಡುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸುವುದು ನನ್ನ ಕೆಲಸ. ಅಂಥ ಉರಿಗೆ ಹಳದಿ ನಾಲಿಗೆ ಇರುವುದಿಲ್ಲ, ಹೊಗೆ ಕಡಿಮೆ, ಕೆಲವು ಸಲ ಕಣ್ಣಿಗೇ ಬೀಳುವುದಿಲ್ಲ. ದೊಡ್ಡ ಕುಲುಮೆಗಳಿಗೆ ಅದು ಒಳ್ಳೆಯದು. 'ನಮ್ಮ ಗಂಗಾಶ್ರೀ ಬೆಂಕಿ ಮೇಲೆ ಓದ್ತಾಳೆ' ಎಂದು ಅಪ್ಪಾಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಈ ಸಲ ಬಂದವರು ಯಾರೂ ನನ್ನ ಓದಿನ ಬಗ್ಗೆ ಕೇಳಲಿಲ್ಲ.

ಕೊನೆಯ ಅಧ್ಯಾಯ ಬಾಕಿ ಇದೆ. ಭಾನುವಾರ ಶಿವಮೊಗ್ಗದಿಂದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ನಾನು ಇಲ್ಲಿದ್ದು ಮಾಡುವುದೇನೂ ಇಲ್ಲ. ಅತ್ತಿಗೆ ಚೈತ್ರಶ್ರೀಗೆ ಅವರ ಕಡೆಯವರಿದ್ದಾರೆ. ಮದುವೆಯಾಗಿ ನಾಲ್ಕು ವರ್ಷವಾದರೂ ನಾನೂ ಅವರೂ ಹಬ್ಬದಲ್ಲಿ ಕುಶಲ ಕೇಳಿದ್ದಕ್ಕಿಂತ ಹೆಚ್ಚು ಮಾತಾಡಿಲ್ಲ.

ಊಟ ಕೋಣೆಗೇ ತರಿಸಿಕೊಂಡೆ.

ನವೆಂಬರ್ ೨೦, ಗುರುವಾರ

ಮಿಲ್ಲಿಗೆ ಹೋಗಿದ್ದೆ. ಬೀಗದ ಕೈ ಕೇಳಿದಾಗ ಅಪ್ಪಾಜಿ ಯಾಕೆಂದು ಕೇಳಲಿಲ್ಲ, ತಾವೂ ಜೊತೆಗೆ ಬಂದರು. ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತುಬಿಟ್ಟರು, ಒಳಗೆ ಬರಲಿಲ್ಲ.

ಡ್ರೈಯರ್‌ನಲ್ಲಿ ಅರ್ಧ ಒಣಗಿದ ಭತ್ತ ಹಾಗೇ ಉಳಿದು ಮುಗ್ಗಲು ಹಿಡಿದಿದೆ. ಒಲೆ ಇಟ್ಟಿಗೆಯದು, ಬಾಗಿಲು ಕಬ್ಬಿಣದ್ದು, ಎದೆಯ ಮಟ್ಟಕ್ಕೆ ಬರುತ್ತದೆ. ಬಾಗಿಲಿನ ಎದುರು ಗೋಡೆಗೆ ಮಸಿ ಹಿಡಿದಿದೆ, ನಡುವೆ ಒಬ್ಬ ಆಳು ನಿಂತಷ್ಟು ಜಾಗದಲ್ಲಿ ಮಾತ್ರ ಮಸಿ ಇಲ್ಲ. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಏನಾಯಿತೆಂದು ನೋಡಿದ ಕೂಡಲೇ ತಿಳಿಯಿತು. ಒಲೆಗೆ ಹಾಕುವುದು ಭತ್ತದ ಹೊಟ್ಟು. ಗಾಳಿ ಊದಲು ಬ್ಲೋವರ್ ಇದೆ. ಕರೆಂಟ್ ಹೋದರೆ ಬ್ಲೋವರ್ ನಿಲ್ಲುತ್ತದೆ, ಆದರೆ ಹೊಟ್ಟು ಆರುವುದಿಲ್ಲ. ಗಾಳಿ ಸಾಲದೆ ಒಳಗೊಳಗೇ ಕಮರುತ್ತ ಉರಿಯಬಲ್ಲ ಅನಿಲ ಬಿಡುತ್ತದೆ. ಆಗ ಒಲೆಯೊಳಗೆ ಶಾಖವಿದೆ, ಇಂಧನವಿದೆ, ಆಮ್ಲಜನಕವೊಂದೇ ಇಲ್ಲ. ಬಾಗಿಲು ತೆಗೆದರೆ ಹೊರಗಿನ ತಂಪುಗಾಳಿ ಕೆಳಗಿನಿಂದ ಒಳಗೆ ನುಗ್ಗಿ, ಸುಳಿಯೆದ್ದು, ಅನಿಲದೊಡನೆ ಬೆರೆತು, ಕೆಂಡ ಸಿಕ್ಕಲ್ಲಿ ಹೊತ್ತಿಕೊಳ್ಳುತ್ತದೆ. ಹೊತ್ತಿದ್ದು ಹೊರಬರಲು ಇರುವುದು ಅದೇ ಬಾಗಿಲು.

ವಾಪಸು ಬರುವಾಗ ಅಪ್ಪಾಜಿ ಮಾಳೇಶನ ವಿಷಯ ಎತ್ತಿದರು. ಒಲೆ ನೋಡಿಕೊಳ್ಳುತ್ತಿದ್ದವನು ಅವನೇ. ಸೊರಬದ ಕಡೆ ಹೊಸಬಾಳೆಯವನು, ಮನೆಯಲ್ಲಿ ಕುರಿ ಸಾಕಿದ್ದಾರೆ. ಆ ಮಧ್ಯಾಹ್ನ ಅವನು ಮಿಲ್ಲಿನಲ್ಲಿ ಇರಲಿಲ್ಲ. ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟಿದ್ದ ಎನ್ನುತ್ತಾರೆ. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡು ಹೋಗಿದ್ದಾರೆ. ಅಪ್ಪಾಜಿ ಅವನ ಮೇಲೆ ದೂರು ಕೊಡುತ್ತಾರಂತೆ.

"ಉರಿಯೋ ಒಲೆ ಬಿಟ್ಟು ಹೋದವನು ಅವನು. ನನ್ನ ಮಗನ್ನ ಕೊಂದವನು ಅವನೇ" ಎಂದರು. ದನಿ ಏರಿಸಲಿಲ್ಲ. ಅಡಿಕೆ ಧಾರಣೆ ಹೇಳುವ ಹಾಗೆ ಹೇಳಿದರು.

ನವೆಂಬರ್ ೨೩, ಭಾನುವಾರ

ಟಿಕೆಟ್ ರದ್ದು ಮಾಡಿದೆ. ಪ್ರದೀಪ್ ಸರ್‌ಗೆ ಫೋನ್ ಮಾಡಿ ಇಲ್ಲಿಂದಲೇ ಕೆಲಸ ಮಾಡುತ್ತೇನೆ ಎಂದೆ. ಅವರು ನನ್ನ ಗೈಡ್, ಒಳ್ಳೆಯವರು. ಎಷ್ಟು ದಿನ ಬೇಕಾದರೂ ಇರು, ಪ್ರಬಂಧ ಎಲ್ಲಿಗೂ ಓಡಿಹೋಗುವುದಿಲ್ಲ ಎಂದರು.

ಮಾಡುತ್ತಿರುವುದು ಪ್ರಬಂಧದ ಕೆಲಸವಲ್ಲ. ನಮ್ಮ ಒಲೆಯ ಅಳತೆ ತೆಗೆದುಕೊಂಡು ಬಂದು ಅದನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದೇನೆ. ಲೆಕ್ಕ ನಡೆಯುವುದು ಚೆನ್ನೈನ ದೊಡ್ಡ ಯಂತ್ರದಲ್ಲಿ, ಇಲ್ಲಿ ಮೊಬೈಲಿನ ನೆಟ್ ಸಾಕು. ನನ್ನ ಲೆಕ್ಕದ ವಿಧಾನ ಇಂಥ ಕಡೆ ಎಷ್ಟು ನಿಲ್ಲುತ್ತದೆ ಎಂದು ಪರೀಕ್ಷಿಸಿದ ಹಾಗೂ ಆಗುತ್ತದೆ. ಪ್ರಬಂಧಕ್ಕೆ ಒಂದು ಅನುಬಂಧವಾದರೂ ಆದೀತು.

ಒಲೆಯ ಗೋಡೆ, ಹೊಟ್ಟಿನ ರಾಶಿ, ಚಿಮಣಿ, ಬಾಗಿಲು ಎಲ್ಲ ಹಾಕಿದೆ. ಬಾಗಿಲಿನ ಎದುರಿನ ಜಾಗ ಖಾಲಿ ಬಿಟ್ಟಿದ್ದೇನೆ.

ನವೆಂಬರ್ ೨೬, ಬುಧವಾರ

ಮೊದಲ ಲೆಕ್ಕದ ಫಲಿತಾಂಶ ಬಂತು. ಚಿತ್ರಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಓಡಿಸಿದೆ. ಬಾಗಿಲು ತೆರೆಯುತ್ತದೆ. ನೀಲಿ ಬಣ್ಣದಲ್ಲಿ ತೋರಿಸಿದ ತಂಪುಗಾಳಿ ನೀರಿನ ಹಾಗೆ ಒಳಗೆ ಹರಿಯುತ್ತದೆ, ಹಿಂದಿನ ಗೋಡೆಗೆ ಬಡಿದು ಮಡಚಿಕೊಳ್ಳುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆ ಸ್ವಲ್ಪ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತವನು ಎಲ್ಲ ಸರಿಯಾಗಿದೆ ಎಂದುಕೊಂಡು ಒಳಗೆ ಬಗ್ಗಿ ನೋಡುವಷ್ಟು ಸಮಯವಿದೆ. ಆಮೇಲೆ ಮೂಲೆಯಲ್ಲಿ ಹೊತ್ತಿಕೊಂಡು ಇಡೀ ಒಲೆ ತುಂಬಿ ಹೊರಗೆ ಬಂತು.

ಎದ್ದು ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ಮಿಲ್ಲಿನ ಧೂಳು ಇನ್ನೂ ಕಣ್ಣಲ್ಲಿದೆ, ಎರಡು ಸಲ ತೊಳೆದುಕೊಂಡೆ.

ಕೋಣೆಗೆ ವಾಪಸು ಬಂದಾಗ ಅತ್ತಿಗೆ ಊಟದ ತಟ್ಟೆ ಹಿಡಿದು ಮೇಜಿನ ಹತ್ತಿರ ನಿಂತಿದ್ದರು. ಪರದೆಯ ಮೇಲೆ ಅದೇ ಚಿತ್ರ ಮತ್ತೆ ಮತ್ತೆ ಓಡುತ್ತಿತ್ತು. ಇದೇನು ಎಂದು ಕೇಳಿದರು. ಪ್ರಬಂಧದ್ದು ಎಂದು ಹೇಳಿ ಮುಚ್ಚಿದೆ. ಅವರು ತಟ್ಟೆ ಇಟ್ಟು ಹೋದರು. ಒಳಗೆ ಬರುವ ಮುಂಚೆ ಬಾಗಿಲು ತಟ್ಟಬಾರದೇ ಎಂದು ಸಿಟ್ಟು ಬಂತು.

ನವೆಂಬರ್ ೨೯, ಶನಿವಾರ

ಲೆಕ್ಕದಲ್ಲಿ ಬಾಗಿಲು ನಿಧಾನ ತೆಗೆದು ನೋಡಿದೆ. ಹೊಗೆ ತಡೆಯಲು ಚಿಮಣಿಗೆ ಹಾಕಿರುವ ತಗಡು ಮೊದಲು ತೆಗೆದು ನೋಡಿದೆ. ಹೆಚ್ಚು ಹೊತ್ತು ಕಾದು ನೋಡಿದೆ. ಕಾದರೆ ಕೆಟ್ಟದ್ದೇ ಆಗುತ್ತದೆ, ಒಳಗೆ ಅನಿಲ ಇನ್ನೂ ತುಂಬುತ್ತದೆ.

ಇದಕ್ಕಿಂತ ವಿಚಿತ್ರ ಇನ್ನೊಂದು. ಎಲ್ಲವನ್ನೂ ಒಂದೇ ಥರ ಇಟ್ಟು, ಗಾಳಿಯ ಮೊದಲ ಸುಳಿಗಳನ್ನು ಕೂದಲೆಳೆಯಷ್ಟು ಬದಲಿಸಿದರೆ ಒಂದೊಂದು ಸಲ ಒಂದೊಂದು ಥರ ಆಗುತ್ತದೆ. ಕೆಲವು ಸಲ ಬೆಂಕಿ ಹೊರಗೆ ಬರುತ್ತದೆ. ಕೆಲವು ಸಲ ಒಳಗೇ ಭುಗ್ಗೆಂದು ಅಲ್ಲೇ ಇಳಿಯುತ್ತದೆ. ಇದು ಹೊಸ ವಿಷಯವಲ್ಲ. ಸುಳಿಗಾಳಿಯ ಸ್ವಭಾವವೇ ಹಾಗೆ ಎಂದು ಜೂನಿಯರ್‌ಗಳಿಗೆ ನಾನೇ ಪಾಠ ಮಾಡಿದ್ದೇನೆ.

ಹೊರಗೆ ಬಾರದ ಲೆಕ್ಕವನ್ನು ಎಷ್ಟು ಸಲ ನೋಡಿದೆನೋ.

ಡಿಸೆಂಬರ್ ೨, ಮಂಗಳವಾರ

ಹೊಸಬಾಳೆಗೆ ಹೋಗಿಬಂದೆ. ಸೊರಬದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ, ನೋಡಿಬರುತ್ತೇನೆ ಎಂದು ಅಪ್ಪಾಜಿಗೆ ಹೇಳಿದ್ದೆ. ಬಸ್ಸು ಶಿರಾಳಕೊಪ್ಪದಲ್ಲಿ ಬಹಳ ಹೊತ್ತು ನಿಂತಿತು. ಸೊರಬದಲ್ಲಿ ಇಳಿದು ಆಟೋ ಹಿಡಿದೆ. ದಾರಿಯಲ್ಲಿ ಎಲ್ಲ ಕಡೆ ಕೊಯ್ಲು, ರಸ್ತೆಯ ಅರ್ಧಕ್ಕೆ ಜೋಳ ಹರವಿದ್ದಾರೆ.

ಹೋಗಿದ್ದು ಕೆಲವು ವಿಷಯ ಕೇಳಿಕೊಳ್ಳಲು. ಕರೆಂಟ್ ಹೋದಾಗ ಒಲೆಯಲ್ಲಿ ಹೊಟ್ಟು ಎಷ್ಟಿರುತ್ತದೆ, ಬೂದಿ ಯಾವಾಗ ತೆಗೆಯುತ್ತಾರೆ, ಚಿಮಣಿಯ ತಗಡು ತೆರೆದಿರುತ್ತದೋ ಮುಚ್ಚಿರುತ್ತದೋ. ಇವು ಗೊತ್ತಿಲ್ಲದೆ ನನ್ನ ಲೆಕ್ಕವೆಲ್ಲ ಬರೀ ಊಹೆ.

ಮಾಳೇಶ ಹಟ್ಟಿಯಲ್ಲಿ ಮರಿಯೊಂದಕ್ಕೆ ಔಷಧಿ ಕುಡಿಸುತ್ತಿದ್ದ. ನನ್ನನ್ನು ಕಂಡು ಮರಿ ಕೆಳಗಿಟ್ಟು ಎದ್ದು ನಿಂತ. ಪೊಲೀಸರ ಜೊತೆ ಬಂದಿರಬಹುದೆಂದು ನನ್ನ ಹಿಂದೆ ನೋಡಿದ. ಅವನಿಗೆ ಅಣ್ಣನದೇ ವಯಸ್ಸು. ಅವನ ತಾಯಿ ಹಾಲಮ್ಮ ಕಂಬಳಿ ಹಾಸಿ ನನ್ನನ್ನು ಕೂರಿಸಿ ಚಾ ಕೊಟ್ಟರು. ಅವನು ನಿಂತೇ ಇದ್ದ.

ನನ್ನ ಪ್ರಶ್ನೆಗಳನ್ನು ಕೇಳಿದೆ. ಕೆಲವಕ್ಕೆ ಉತ್ತರ ಹೇಳಿದ, ಕೆಲವಕ್ಕೆ ಗೊತ್ತಿಲ್ಲ ಎಂದ. ಬಾಗಿಲು ತೆಗೆಯುವ ಮುಂಚೆ ಏನು ಮಾಡುತ್ತೀರಿ ಎಂದು ಕೇಳಿದೆ.

"ಏನ್ ಮಾಡ್ತೀವಿ ಗಂಗಕ್ಕ, ತೆಗಿತೀವಿ. ಕರೆಂಟ್ ಹೋದಾಗೆಲ್ಲ ನಾನೂ ಹಂಗೇ ತೆಗ್ದು ನೋಡ್ತಿದ್ದೆ, ಗುರಣ್ಣನೂ ತೆಗಿತಿದ್ದ. ಎಷ್ಟು ಸಲನೋ ಏನೋ. ಹೋದ ವರ್ಷ ಒಂದ್ಸಲ ಭುಸ್ ಅಂತ ಬಂದು ನನ್ನ ಹುಬ್ಬು ಸುಟ್ಟಿತ್ತು. ಗುರಣ್ಣ ಫೋಟೋ ತೆಗ್ದು ಎಲ್ಲಾರ್ಗೂ ತೋರಿಸಿ ನಕ್ಕಿದ್ದ. ನಾನೂ ನಕ್ಕಿದ್ದೆ."

ಅದನ್ನು ಹೇಳುವಾಗಲೂ ಅವನ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಆ ಫೋಟೋ ನನಗೂ ಬಂದಿತ್ತು. ನಾನೂ ನಗುವ ಗುರುತು ಕಳಿಸಿದ್ದೆ.

ಆ ದಿನ ಎಲ್ಲಿದ್ದೆ ಎಂದು ನಾನು ಕೇಳಲಿಲ್ಲ, ಅವನೇ ಹೇಳಿದ. ಕುರಿಗಳಿಗೆ ನೀಲಿನಾಲಿಗೆ ರೋಗ ಬಂದು ಮರಿಗಳು ಸಾಯುತ್ತಿದ್ದವಂತೆ. ಮನೆಯಿಂದ ಫೋನ್ ಬಂತು. ಹೋಗು, ಒಲೆ ನಾನು ನೋಡಿಕೊಳ್ಳುತ್ತೇನೆ ಎಂದು ಅಣ್ಣನೇ ಅವನನ್ನು ಬಸ್ ಸ್ಟ್ಯಾಂಡಿಗೆ ಕಳಿಸಿದನಂತೆ. "ಅದನ್ನ ಕೇಳಿದೋರು ಯಾರೂ ಇಲ್ಲ ಗಂಗಕ್ಕ. ಹೇಳ್ಬೇಕಾದೋನು ಹೋದ" ಎಂದ.

ಮಣ್ಣಿನ ದಿನ ಬಂದಿದ್ದನಂತೆ. ನಮ್ಮ ಕಡೆಯವರು ಗದ್ದೆಯ ಬದುವಿನಿಂದಲೇ ವಾಪಸು ಕಳಿಸಿದರು. ಮುಖ ನೋಡಲು ಬಿಡಲಿಲ್ಲ ಎಂದ. ಮುಖ ಯಾರಿಗೂ ಕಾಣುವ ಹಾಗಿರಲಿಲ್ಲ ಎಂದು ಹೇಳಬೇಕೆಂದಿದ್ದೆ, ಆಗಲಿಲ್ಲ.

ಅವನು ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಹೊರಡುವಾಗ ಹಾಲಮ್ಮ ನನ್ನ ತಲೆ ಸವರಿ, "ಉಂಡಿದೀಯೇನವ್ವ, ಮಖ ಬಾಡೈತೆ" ಎಂದರು. ಇಷ್ಟು ದಿನದಲ್ಲಿ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ಯಾಕೆ ಕೇಳಬೇಕು, ತಟ್ಟೆ ಕೋಣೆಗೇ ಬರುತ್ತದಲ್ಲ.

ಡಿಸೆಂಬರ್ ೩, ಬುಧವಾರ

ಬಾಗಿಲಿನ ಎದುರು ಅಣ್ಣನ ಎತ್ತರದ ಕಂಬವೊಂದನ್ನು ಇಟ್ಟು ಲೆಕ್ಕ ಹಾಕಲು ಹೋದೆ. ಎತ್ತರ ಬರೆದೆ. ಅಳಿಸಿದೆ. ಇವತ್ತು ಕೆಲಸ ಆಗಲಿಲ್ಲ.

ಡಿಸೆಂಬರ್ ೭, ಭಾನುವಾರ

ಬೆಳಿಗ್ಗೆ ಅಪ್ಪಾಜಿ ಕರೆದು, ನಾಳೆ ಪೊಲೀಸ್ ಸ್ಟೇಷನ್ನಿಗೆ ಹೋಗುವುದಿದೆ, ನೀನೂ ಬಾ ಎಂದರು. ನೀನು ಇದನ್ನೇ ಓದಿದವಳು, ಒಲೆ ಬಿಟ್ಟು ಹೋದದ್ದರಿಂದಲೇ ಹೀಗಾಯಿತೆಂದು ನೀನು ಹೇಳಿದರೆ ಅವರು ಕೇಳುತ್ತಾರೆ ಎಂದರು. ಮಾಳೇಶ ಇದ್ದರೂ ಹೀಗೇ ಆಗಬಹುದಿತ್ತು ಎಂದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಆಮೇಲೆ, "ನೀನು ಯಾರ ಕಡಿಗೆ?" ಎಂದು ಕೇಳಿದರು. ಉತ್ತರ ಕಾಯದೆ ಎದ್ದು ಹೋದರು.

ಮಧ್ಯಾಹ್ನ ಅತ್ತಿಗೆ ಹಿಂದಿನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನೀರು ಕುಡಿಯಲು ಹೋದ ನನಗೆ ಕೂರು ಎಂದರು. ಕೂತೆ, ಒಂದಿಷ್ಟು ಕಾಯಿ ನನ್ನ ಕಡೆಗೂ ಎಳೆದುಕೊಂಡೆ.

"ಗಂಗಾ, ಆ ಕಂಪ್ಯೂಟರ್‌ನಾಗೆ ನೀನು ನೋಡ್ತಿರೋದು ನಿಮ್ಮಣ್ಣಂದೇ ಅಲ್ಲಾ?"

ಹೌದೆಂದೆ.

ಆಗ ಹೇಳಿದರು. ಆ ದಿನ ತಾಳಗುಂದದಲ್ಲಿ ಅವರ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಣ್ಣನೂ ಬರಬೇಕಿತ್ತು. ಅತ್ತಿಗೆ ಬೆಳಿಗ್ಗೆಯೇ ಹೋಗಿದ್ದರು. ಅಲ್ಲಿಂದ ಅಣ್ಣನಿಗೆ ಫೋನ್ ಮಾಡಿದಾಗ ಅವನು ಮಾತಿನ ನಡುವೆ ಆ ಕಡೆ ತಿರುಗಿ, ಹೋಗೋ ಮಾರಾಯ, ಕುರಿ ನೋಡ್ಕೋ ಹೋಗು ಎಂದು ಮಾಳೇಶನಿಗೆ ಹೇಳುವುದು ಕೇಳಿಸಿತಂತೆ. ಅಂದರೆ ಮಾಳೇಶ ಹೇಳಿದ್ದು ನಿಜ. ಇದನ್ನು ಯಾಕೆ ಯಾರಿಗೂ ಹೇಳಲಿಲ್ಲ ಎಂದು ನಾನು ಕೇಳುವ ಮುಂಚೆಯೇ ಅವರು ಮುಂದಿನದನ್ನು ಹೇಳಿದರು. ಗಂಡಿನವರು ಬಂದು ಕೂತರು, ಅಣ್ಣ ಬರಲಿಲ್ಲ. ಅತ್ತಿಗೆ ಮತ್ತೆ ಫೋನ್ ಮಾಡಿದರು. ಎಲ್ಲರೆದುರು ಮರ್ಯಾದೆ ಹೋಗುತ್ತಿದೆ ಎಂದು ಜೋರಾಗಿಯೇ ಬೈದರು. ಕರೆಂಟ್ ಹೋಗಿದೆ, ಒಂದ್ಸಲ ಒಲೆ ನೋಡಿ ಹೊರಟೆ ಎಂದು ಅವನು ಫೋನ್ ಇಟ್ಟ.

"ಅದೇ ಕಡೇ ಮಾತು. ಒಲೆ ನೋಡಿ ಹೊರಟೆ ಅಂದ್ರು. ನಾನು ಫೋನ್ ಮಾಡ್ದಿದ್ರೆ ಅವ್ರು ಕರೆಂಟ್ ಬರೋ ತನಕ ಕಾಯ್ತಿದ್ರು. ಅದನ್ನ ಕೇಳು ನಿನ್ನ ಕಂಪ್ಯೂಟರ್‌ಗೆ. ಕಾದಿದ್ರೆ ಉಳಿತಿದ್ರಾ?"

ಮಾಳೇಶನನ್ನು ಕಳಿಸಿದ್ದು ಅಣ್ಣನೇ ಎಂದು ಹೇಳಿದರೆ, ಆಮೇಲೆ ಏನಾಯಿತೆಂದೂ ಹೇಳಬೇಕಾಗುತ್ತದೆ. ಅದಕ್ಕೇ ಈ ಹೆಂಗಸು ಬಾಯಿ ಕಟ್ಟಿಕೊಂಡು ಕೂತಿದ್ದರು. ದಿನಾ ನನಗೆ ತಟ್ಟೆ ತಂದಿಟ್ಟು ಹೋಗುತ್ತಿದ್ದರು.

ಪ್ರತಿ ಸಲವೂ ಬೆಂಕಿ ಬಂತು, ಏನು ಮಾಡಿದ್ದರೂ ಬರುತ್ತಿತ್ತು ಎಂದು ಹೇಳಿಬಿಡಬಹುದಿತ್ತು. ನನ್ನ ಲೆಕ್ಕ ತಪ್ಪೆನ್ನುವವರು ಈ ಊರಲ್ಲಿ ಯಾರೂ ಇಲ್ಲ. ಬಾಯಿಗೆ ಬರಲಿಲ್ಲ. ಇದ್ದದ್ದನ್ನೇ ಹೇಳಿದೆ. ಕಾದಷ್ಟೂ ಒಳಗೆ ಅನಿಲ ಹೆಚ್ಚುತ್ತದೆ, ಹಾಗಾಗಿ ಕಾದರೆ ಉಳಿಯುತ್ತಿದ್ದ ಎನ್ನುವ ಹಾಗಿಲ್ಲ. ಕರೆಂಟ್ ಬಂದು ಬ್ಲೋವರ್ ತಾನೇ ಸುತ್ತಿದ್ದರೆ ಬೇರೆ ಮಾತು. ಅದು ಯಾವಾಗ ಬರುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ. ಅದೇ ಒಲೆ, ಅದೇ ಬಾಗಿಲು, ಅದೇ ಕೈ, ಆದರೂ ಒಂದು ಸಲ ಬೆಂಕಿ ಬರುತ್ತದೆ, ಒಂದು ಸಲ ಬರುವುದಿಲ್ಲ. ಮಾಳೇಶ ಎಷ್ಟೋ ಸಲ ತೆಗೆದಿದ್ದಾನೆ, ಅಣ್ಣನೂ ತೆಗೆದಿದ್ದಾನೆ.

ಅವರು ಕಾಯಿ ಸುಲಿಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

"ಅಂದ್ರೆ ನಾನು ಫೋನ್ ಮಾಡ್ದಿದ್ರೂ ಆಗಬಹುದಿತ್ತು."

"ಆಗಬಹುದಿತ್ತು."

"ಆಗದೇನೂ ಇರಬಹುದಿತ್ತು."

"ಹೂಂ ಅತ್ತಿಗೆ. ಇರಬಹುದಿತ್ತು."

"ಯಾತಕ್ಕೂ ಅಲ್ಲದೆ ಸತ್ರು ಅಂತೀಯ."

ಅವರು ಮಡಿಲಲ್ಲಿದ್ದ ಸಿಪ್ಪೆಯನ್ನು ಕೈಯಿಂದ ಒಟ್ಟುಮಾಡಿದರು, ಮತ್ತೆ ಬಿಟ್ಟರು.

"ನನ್ನಿಂದ ಅಂತ ಹಿಡ್ಕಂಡಿದ್ದೆ ಗಂಗಾ. ಅದೂ ಇಲ್ಲ ಅಂದ್ರೆ ನಾನು ಏನನ್ನ ಹಿಡ್ಕಂಡು ಕೂರ್ಲಿ?"

ನನಗೆ ತಿಳಿದಿರುವ ಯಾವ ಸಮೀಕರಣವೂ ಇದಕ್ಕಲ್ಲ. ಉಳಿದ ಅವರೆಕಾಯಿಯನ್ನು ಇಬ್ಬರೂ ಸುಲಿದು ಮುಗಿಸಿದೆವು. ಸಂಜೆ ಅಡುಗೆಮನೆಯಲ್ಲೇ ಕೂತು ಉಂಡೆ.

ಡಿಸೆಂಬರ್ ೮, ಸೋಮವಾರ

ಅಪ್ಪಾಜಿ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಪಂಚೆ ಉಟ್ಟು ಸ್ಟೇಷನ್ನಿಗೆ ಹೊರಟು ನಿಂತಿದ್ದರು. ನಾನು ಬರುವುದಿಲ್ಲ ಎಂದು ಹೇಳಲು ಹೊರಗೆ ಬಂದೆ. ನನಗಿಂತ ಮುಂಚೆ ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು.

"ಮಾವಾ, ಮಾಳೇಶನ್ನ ಕಳಿಸಿದ್ದು ಅವ್ರೇ. ನಾನು ಫೋನ್‌ನಾಗೆ ಕೇಳಿಸ್ಕಂಡೀನಿ" ಎಂದರು. ಎರಡನೇ ಫೋನಿನ ವಿಷಯವನ್ನೂ ಹೇಳಿದರು, ಬೈದದ್ದನ್ನೂ ಬಿಡಲಿಲ್ಲ. ನನಗೆ ಹೇಳಿದಾಗ ತಡವರಿಸಿದ್ದರು, ಇವತ್ತು ತಡವರಿಸಲಿಲ್ಲ.

ಅಪ್ಪಾಜಿ ಕಿರುಚಾಡುತ್ತಾರೆ ಎಂದುಕೊಂಡಿದ್ದೆ. ಅವರು ನಿಧಾನವಾಗಿ ಕುರ್ಚಿಯ ಮೇಲೆ ಕೂತರು. ಹೆಗಲ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಅತ್ತಿಗೆಯ ಕಡೆ ನೋಡದೆ ಹೇಳಿದರು.

"ನಾನೂ ಮಾಡಿದ್ದೆ ಕಣವ್ವ ಫೋನು. ಮಾಳೇಶ ಹೋದ ಮ್ಯಾಲೆ ಗುರು ಕೇಳಿದ್ದ, ಒಲೆ ಆರಿಸಿ ತಾಳಗುಂದಕ್ಕೆ ಹೋಗ್ಲಾ ಅಂತ. ಭತ್ತ ಅರ್ಧಕ್ಕೆ ಬಿಡಬ್ಯಾಡ, ಒಣಗಿಸೇ ಹೋಗು ಅಂದಿದ್ದೆ."

ಅಂದರೆ ಮಾಳೇಶ ಹೋದದ್ದು ಅವರಿಗೂ ಗೊತ್ತಿತ್ತು. ಅತ್ತಿಗೆಯೂ ನಾನೂ ಒಬ್ಬರನ್ನೊಬ್ಬರು ನೋಡಿದೆವು. ಯಾರೂ 'ಮತ್ತೆ ಯಾಕೆ' ಎಂದು ಕೇಳಲಿಲ್ಲ.

ಅತ್ತಿಗೆ ಒಳಗೆ ಹೋಗಿ ನೀರು ತಂದು ಅವರ ಕೈಗೆ ಕೊಟ್ಟರು. ಅಪ್ಪಾಜಿ ಲೋಟ ಹಿಡಿದುಕೊಂಡೇ ಕೂತಿದ್ದರು. ಅವರ ಹಣೆಯ ವಿಭೂತಿ ಬೆವರಿಗೆ ಒದ್ದೆಯಾಗಿತ್ತು. ನಮ್ಮ ಅಪ್ಪಾಜಿ ಇಷ್ಟು ಚಿಕ್ಕವರಾಗಿ ಯಾವತ್ತೂ ಕಂಡಿರಲಿಲ್ಲ.

ಸ್ಟೇಷನ್ನಿಗೆ ಹೋಗಲಿಲ್ಲ.

ಡಿಸೆಂಬರ್ ೧೫, ಸೋಮವಾರ

ಬೆಳಿಗ್ಗೆ ಅತ್ತಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದರು. ಅವರದು ದುಂಡಗೆ ತೆಳ್ಳಗೆ ಬರುತ್ತದೆ, ನನ್ನದು ಅಂಚು ಒಡೆಯುತ್ತದೆ. ನೀರು ಇನ್ನೂ ಬಿಸಿ ಇರಬೇಕು, ಹಿಟ್ಟನ್ನು ಅಂಗೈಯಿಂದ ಚೆನ್ನಾಗಿ ನಾದಬೇಕು ಎಂದರು. ಅಪ್ಪಾಜಿ ಒಡೆದ ರೊಟ್ಟಿಯನ್ನೇ ಆರಿಸಿ ತಿಂದರು. ಮಾತು ಕಡಿಮೆಯಾಗಿದೆ. ಊಟ ಮಾತ್ರ ಮೂವರೂ ಒಟ್ಟಿಗೆ ಮಾಡುತ್ತೇವೆ.

ಅಣ್ಣನ ಬಟ್ಟೆಗಳನ್ನು ಅತ್ತಿಗೆ ಒಬ್ಬರೇ ತೆಗೆಯಲಾರೆ ಎಂದರು. ಇಬ್ಬರೂ ಕೂತು ಮಡಚಿದೆವು. ಒಂದು ಅಂಗಿಯ ಜೇಬಿನಲ್ಲಿ ಭತ್ತದ ಕಾಳುಗಳಿದ್ದವು, ಅವನು ಹಲ್ಲಿನಲ್ಲಿ ಕಚ್ಚಿ ತೇವ ನೋಡುತ್ತಿದ್ದಂಥವು. ಅತ್ತಿಗೆ ಅವನ್ನು ಕೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅತ್ತೆ. ಕತ್ತಲಾಗುವವರೆಗೆ ಅಲ್ಲೇ ಇದ್ದೆವು.

ಪ್ರಬಂಧದ ಕೊನೆಯ ಲೆಕ್ಕ ಮುಗಿದಿದೆ, ಪ್ರಯೋಗದ ಅಂಕಿಗಳಿಗೆ ಚೆನ್ನಾಗಿ ಹೊಂದುತ್ತದೆ. ಪ್ರದೀಪ್ ಸರ್‌ಗೆ ಮೇಲ್ ಮಾಡಬೇಕು.

ಒಲೆಯ ಲೆಕ್ಕ ಮತ್ತೆ ಹಾಕಿಲ್ಲ. ಯಾಕೋ ಸಮಯ ಸಿಗುತ್ತಿಲ್ಲ.

ಡಿಸೆಂಬರ್ ೨೩, ಮಂಗಳವಾರ

ಅಪ್ಪಾಜಿ ಬೆಳಿಗ್ಗೆ ಬಸ್ಸಿಗೆ ಎಂದು ಹೊರಟವರು ಮಧ್ಯಾಹ್ನ ಕಳೆದು ಬಂದರು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಸೊರಬದ ಕಡೆ ಎಂದರು. ಅವರ ಪಂಚೆಗೆ ಕುರಿಯ ಉಣ್ಣೆ ಅಂಟಿತ್ತು. ಅತ್ತಿಗೆಯೂ ನೋಡಿದರು.

ಊಟಕ್ಕೆ ಕೂತಾಗ, ಮಾಳೇಶನ ಮನೆಯಲ್ಲಿ ಬಹಳ ಮರಿ ಸತ್ತಿವೆ ಎಂದಷ್ಟೇ ಹೇಳಿದರು. ಅನ್ನ ಕಲಸಿ ಹಾಗೇ ಬಿಟ್ಟೆದ್ದರು.

ಡಿಸೆಂಬರ್ ೩೦, ಮಂಗಳವಾರ

ಮಾಳೇಶ ನಿನ್ನೆ ಕುರಿ ಹೊಡೆದುಕೊಂಡು ಬಂದಿದ್ದಾನೆ. ಕೊಯ್ಲಾದ ನಮ್ಮ ಗದ್ದೆಯಲ್ಲಿ ಎರಡು ದಿನ ಮಂದೆ ನಿಲ್ಲಿಸು, ನೆಲಕ್ಕೆ ಗೊಬ್ಬರವಾಗುತ್ತದೆ ಎಂದು ಅಪ್ಪಾಜಿಯೇ ಹೇಳಿಬಂದಿದ್ದರಂತೆ. ಅಂಬ್ಲಿಗೊಳದ ಕಾಲುವೆಯ ಪಕ್ಕದ ಆ ಗದ್ದೆಯ ಮೂಲೆಯಲ್ಲೇ ಅಣ್ಣನನ್ನು ಮಣ್ಣು ಮಾಡಿದ್ದು. ಮಂದೆ ನಿಲ್ಲಿಸಿದವರಿಗೆ ಗದ್ದೆಯವರ ಮನೆಯಿಂದ ಬುತ್ತಿ ಹೋಗಬೇಕು. ಬೆಳಿಗ್ಗೆ ನಾನೂ ಅತ್ತಿಗೆಯೂ ರೊಟ್ಟಿ, ಅವರೆಕಾಳಿನ ಪಲ್ಯ ಕಟ್ಟಿಕೊಂಡು ಹೋದೆವು.

ನಾವು ಹೋದಾಗ ಅಪ್ಪಾಜಿ ಮೊದಲೇ ಅಲ್ಲಿದ್ದರು. ಸಮಾಧಿಯ ಹತ್ತಿರ ಅವರೂ ಮಾಳೇಶನೂ ನಿಂತಿದ್ದರು. ಅವನು ಸಮಾಧಿಯ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಅಪ್ಪಾಜಿ ಏನೋ ಹೇಳಿದರು, ದೂರವಿದ್ದುದರಿಂದ ಕೇಳಿಸಲಿಲ್ಲ. ಅವನು ತಲೆ ಆಡಿಸಿದ. ಮತ್ತೆ ಅಪ್ಪಾಜಿ ಏನೋ ಹೇಳಿ ಮುಖ ಆ ಕಡೆ ತಿರುಗಿಸಿದರು. ಇಬ್ಬರೂ ಸ್ವಲ್ಪ ಹೊತ್ತು ಕುರಿಗಳನ್ನು ನೋಡುತ್ತ ನಿಂತರು.

ಮಾಳೇಶ ಬುತ್ತಿ ಬಿಚ್ಚಿ ನಮ್ಮೆದುರೇ ಕೂತು ಉಂಡ. ಮಿಲ್ಲಿನ ಕೆಲಸಕ್ಕೆ ಮತ್ತೆ ಬರುವುದಿಲ್ಲ ಎಂದು ಅವನೇ ಹೇಳಿದ. ಬಾ ಎಂದು ನಾವೂ ಹೇಳಲಿಲ್ಲ. ಆ ಒಲೆಯನ್ನು ಒಡೆಸುತ್ತೇನೆ ಎಂದು ಅಪ್ಪಾಜಿ ಹೇಳಿದ್ದಾರೆ. ಮಿಲ್ಲು ಮುಂದೆ ಏನಾಗುತ್ತದೋ ತಿಳಿಯದು. ಅಣ್ಣನಿಲ್ಲದೆ ಅದನ್ನು ನಡೆಸುವವರಿಲ್ಲ. ಅವನಿಲ್ಲದೆ ಇನ್ನೂ ಎಷ್ಟೋ ನಡೆಯುವುದಿಲ್ಲ.

ಗಂಡಸರು ಕಾಲುವೆಯ ಕಡೆ ಹೋದರು. ನಾನೂ ಅತ್ತಿಗೆಯೂ ಬದುವಿನ ಮೇಲೆ ಕೂತೆವು. ಕುರಿಗಳು ಒತ್ತೊತ್ತಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ಅತ್ತಿಗೆ, ನಿಮ್ಮಣ್ಣನಿಗೆ ಈ ವಾಸನೆ ಆಗುತ್ತಿರಲಿಲ್ಲ, ಮೂಗು ಮುಚ್ಚಿಕೊಳ್ಳುತ್ತಿದ್ದರು ಎಂದು ಹೇಳಿ ನಕ್ಕರು. ಆಮೇಲೆ ತಿರುಗಿ ನೋಡಿದರೆ ಮೊಣಕಾಲಿನ ಮೇಲೆ ತಲೆಯಿಟ್ಟು ಕೂತಲ್ಲೇ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು, ಮಗುವಿನ ಹಾಗೆ.

ಎಬ್ಬಿಸಲಿಲ್ಲ. ಬಿಸಿಲು ಏರುತ್ತ ಅವರ ಮುಖದ ಮೇಲೆ ಬಂತು. ನಾನು ಆ ಕಡೆಗೆ ಸರಿದು ಕೂತೆ, ನನ್ನ ನೆರಳು ಅವರ ಮೇಲೆ ಬೀಳುವ ಹಾಗೆ. ಬಿಸಿಲು ಸರಿದ ಹಾಗೆಲ್ಲ ನಾನೂ ಸರಿಯುತ್ತ ಕೂತಿದ್ದೆ.